ಸೋಮವಾರ ಮುಂಜಾನೆ ಸಾಯುವ ಬ್ಯಾಟರಿ: ಮೂರನೆಯದನ್ನು ಕೊಳ್ಳುವ ಮುಂಚೆ

ಪ್ರಶ್ನೆ: ನಾನು ಧಾರವಾಡದ ಸಪ್ತಾಪುರದಲ್ಲಿದ್ದೇನೆ, ಶಾಲೆಯಲ್ಲಿ ಕಲಿಸುತ್ತೇನೆ. ಐದು ವರ್ಷದ ಸಣ್ಣ ಪೆಟ್ರೋಲ್ ಕಾರಿದೆ. ಮನೆಯಿಂದ ಶಾಲೆಗೆ ಮೂರು ಕಿಲೋಮೀಟರ್, ಗಾಡಿ ಓಡುವುದು ದಿನಾ ಅಷ್ಟೇ. ಕಾರಿನ ಜೊತೆ ಬಂದ ಬ್ಯಾಟರಿ ಹೋದ ಮೇಲೆ, ಏಳು ತಿಂಗಳ ಹಿಂದೆ 35 ಎಎಚ್‌ನ ಹೊಸದು ಹಾಕಿಸಿದೆ. ಮೊದಲು ಐದು ತಿಂಗಳು ಚೆನ್ನಾಗಿತ್ತು. ಆಮೇಲೆ ದೊಡ್ಡ ಸ್ಕ್ರೀನಿನ ಮ್ಯೂಸಿಕ್ ಸಿಸ್ಟಮ್ ಮತ್ತು ರಿವರ್ಸ್ ಕ್ಯಾಮೆರಾ ಹಾಕಿಸಿದೆವು. ಈಗ ಎರಡು ತಿಂಗಳಿಂದ ಸೋಮವಾರ ಮುಂಜಾನೆ ಗಾಡಿ ಎದ್ದೇಳುವುದಿಲ್ಲ, ಟಕ್ ಟಕ್ ಅನ್ನುತ್ತದೆ ಅಷ್ಟೇ. ಬ್ಯಾಟರಿ ಅಂಗಡಿಯವರು ಚಾರ್ಜ್ ಮಾಡಿ 'ಬ್ಯಾಟರಿ ಸರಿ ಇದೆ' ಅಂತ ವಾಪಸ್ ಕೊಡುತ್ತಾರೆ. ಗ್ಯಾರೇಜಿನವರು 'ಬ್ಯಾಟರಿಯೇ ಖರಾಬು, ಬೇರೆ ಹಾಕಿಸಿ' ಅನ್ನುತ್ತಾರೆ. ಇನ್ನೊಬ್ಬರು ರಾತ್ರಿ ಟರ್ಮಿನಲ್ ಬಿಚ್ಚಿಡಲು ಹೇಳಿದರು. ಯಾರ ಮಾತು ಕೇಳಲಿ?

ಉತ್ತರ:

ಅಕ್ಕೋರೇ, ಮೂರನೇ ಬ್ಯಾಟರಿ ಈಗಲೇ ಕೊಳ್ಳಬೇಡಿ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನನ್ನ ಅನುಮಾನ ಬ್ಯಾಟರಿಯ ಮೇಲಲ್ಲ, ಆ ಹೊಸ ಮ್ಯೂಸಿಕ್ ಸಿಸ್ಟಮ್ ಮೇಲೆ. ಆದರೆ ನಾನೂ ಅನುಮಾನದ ಮೇಲೆಯೇ ತೀರ್ಪು ಕೊಟ್ಟರೆ, ಅಳೆದು ನೋಡದೆ 'ಬ್ಯಾಟರಿ ಖರಾಬು' ಅಂದವರಿಗೂ ನನಗೂ ಏನು ವ್ಯತ್ಯಾಸ? ಅಳೆಯೋಣ. ಅದಕ್ಕೆ ಬೇಕಾಗುವುದು ಕೆಲವೇ ನೂರು ರೂಪಾಯಿಯ ಒಂದು ಮಲ್ಟಿಮೀಟರ್, 10 ನಂಬರಿನ ಒಂದು ಪಾನಾ, ಒಂದು ಭಾನುವಾರದ ಮುಂಜಾನೆ.

ನಾನು ಹುಬ್ಬಳ್ಳಿಯಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಾ ಇಪ್ಪತ್ತಾರು ವರ್ಷ ಆಯಿತು. 'ಬ್ಯಾಟರಿ ಹೋಗೇತ್ರಿ, ಹೊಸಾದು ಹಾಕ್ರಿ' ಅನ್ನುವ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಹೊಸದು ಹಾಕಿದ ಮೇಲೆ ಗಾಡಿ ಒಂದೆರಡು ತಿಂಗಳು ಚೆನ್ನಾಗಿಯೇ ಓಡುತ್ತದೆ. ಅದರಿಂದಲೇ ಜನ ಮೋಸ ಹೋಗುವುದು. ಹೊಸ ಬ್ಯಾಟರಿಗೆ ಶಕ್ತಿ ಜಾಸ್ತಿ, ಸೋರಿಕೆಯನ್ನು ಸ್ವಲ್ಪ ದಿನ ತಡೆದುಕೊಳ್ಳುತ್ತದೆ. ಆಮೇಲೆ ಅದೂ ಮಲಗುತ್ತದೆ.

ನಮ್ಮ ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ನಳದ ನೀರಿಗೆ ದಿನ ಎಣಿಸಿ ಬದುಕಿದವರು ನಾವು. ನೀರು ಬಂದ ದಿನ ಟಾಕಿ ತುಂಬಿಸಿಕೊಳ್ಳುತ್ತೇವೆ, ಮುಂದಿನ ಸರದಿವರೆಗೆ ಅದರಲ್ಲೇ ನಡೆಸುತ್ತೇವೆ. ಟಾಕಿ ಬೇಗ ಖಾಲಿ ಆಯಿತು ಅಂದುಕೊಳ್ಳಿ. ಯಾರಾದರೂ ಸೀದಾ ಹೋಗಿ ಹೊಸ ಟಾಕಿ ತರುತ್ತಾರಾ? ಇಲ್ಲ. ತಳದಲ್ಲಿ ಕೆಸರು ಕೂತು ಟಾಕಿ ಹಿಡಿಯುವುದೇ ಕಡಿಮೆ ಆಗಿದೆಯಾ, ನೀರು ಬಿಟ್ಟಾಗ ಬರುವುದೇ ಸಣ್ಣಗೆ ಬರುತ್ತಿದೆಯಾ, ಬಚ್ಚಲಿನ ನಳ ರಾತ್ರಿಯಿಡೀ ತೊಟ್ಟಿಕ್ಕುತ್ತಿದೆಯಾ ಅಂತ ನೋಡುತ್ತಾರೆ. ಕಾರಿನಲ್ಲೂ ಅಷ್ಟೇ. ಬ್ಯಾಟರಿ ಟಾಕಿ. ತುಂಬಿಸುವುದು ಆಲ್ಟರ್ನೇಟರ್, ನಮ್ಮ ಮೆಕ್ಯಾನಿಕ್‌ಗಳು ಇನ್ನೂ ಡೈನಮೋ ಅಂತಲೇ ಕರೆಯುತ್ತಾರೆ. ಸೋರುವ ನಳ ಅಂದರೆ ಚಾವಿ ತೆಗೆದ ಮೇಲೂ ಕರೆಂಟ್ ಎಳೆಯುತ್ತಾ ಕೂತ ಯಾವುದೋ ಒಂದು ವಸ್ತು.

ಈಗ ನಿಮ್ಮ ಗಾಡಿಯ ಜಮಾ-ಖರ್ಚು ನೋಡಿ. ತುಂಬ ಜನ ಸೆಲ್ಫ್ ಹೊಡೆಯುವುದೇ ದೊಡ್ಡ ಖರ್ಚು ಅಂದುಕೊಂಡಿದ್ದಾರೆ. ಸೆಲ್ಫ್ ಎಳೆಯುವುದು ಜಾಸ್ತಿ ನಿಜ, ಸಣ್ಣ ಪೆಟ್ರೋಲ್ ಗಾಡಿಯಲ್ಲಿ ನೂರು ನೂರೈವತ್ತು ಆಂಪಿಯರ್. ಆದರೆ ಎಷ್ಟು ಹೊತ್ತು? ಎರಡು ಸೆಕೆಂಡ್. ಬ್ಯಾಟರಿಯ ಅಳತೆ ಎಎಚ್, ಅಂದರೆ ಎಷ್ಟು ಆಂಪಿಯರ್ ಎಷ್ಟು ತಾಸು ಅನ್ನುವುದರ ಗುಣಾಕಾರ. 150 ಆಂಪಿಯರ್ ಎರಡು ಸೆಕೆಂಡ್ ಹೋದರೆ ಒಟ್ಟು 0.08 ಎಎಚ್ ಆಗುತ್ತದೆ. ನಿಮ್ಮ 35ರಲ್ಲಿ ಅದು ಚಿಲ್ಲರೆ. ಇನ್ನು ನಿಂತ ಗಾಡಿ ನೋಡಿ. ಲಾಕ್ ಮಾಡಿದ ಮೇಲೂ ಗಡಿಯಾರ, ಸೆಂಟ್ರಲ್ ಲಾಕ್, ಕಂಪ್ಯೂಟರಿನ ನೆನಪು ಇವಕ್ಕೆಲ್ಲ ಸೇರಿ 20ರಿಂದ 50 ಮಿಲಿ ಆಂಪಿಯರ್ ಹೋಗುತ್ತದೆ. ಇದು ಸಹಜ. 30 ಮಿಲಿ ಆಂಪಿಯರ್ ಹಿಡಿದರೆ ಇಡೀ ದಿನಕ್ಕೆ 0.7 ಎಎಚ್. ಎರಡು ವಾರ ನಿಲ್ಲಿಸಿದರೂ ಒಳ್ಳೆಯ ಬ್ಯಾಟರಿ ಗಾಡಿ ಎಬ್ಬಿಸುತ್ತದೆ.

ಅದೇ ಜಾಗದಲ್ಲಿ 300 ಮಿಲಿ ಆಂಪಿಯರ್ ಹೋಗುತ್ತಿದೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 7.2 ಎಎಚ್. ನಿಮ್ಮ ಓಟ ಒಂದು ಸಲಕ್ಕೆ ಹತ್ತು ನಿಮಿಷ, ದಿನಕ್ಕೆ ಎರಡು ಸಲ. ಅದರಲ್ಲಿ ಎಸಿ, ಲೈಟು, ಸಿಗ್ನಲ್ ಹತ್ತಿರ ನಿಲ್ಲುವುದು. ಡೈನಮೋ ಬ್ಯಾಟರಿಗೆ ಅಂತ 10 ಆಂಪಿಯರ್ ಕೊಟ್ಟರೂ ದಿನಕ್ಕೆ ವಾಪಸ್ ಬರುವುದು ಮೂರು ಚಿಲ್ಲರೆ ಎಎಚ್. ಅಂದರೆ ದಿನಾ ನಾಲ್ಕರಷ್ಟು ಕೊರತೆ. ವಾರದ ದಿನಗಳಲ್ಲಿ ಹೇಗೋ ತಳ್ಳಿಕೊಂಡು ಹೋಗುತ್ತದೆ. ಶನಿವಾರ ಮುಂಜಾನೆ ಶಾಲೆ ಮುಗಿಸಿ ತಂದು ನಿಲ್ಲಿಸಿದರೆ ಸೋಮವಾರದವರೆಗೆ ಜಮಾ ಸೊನ್ನೆ, ಖರ್ಚು ಮಾತ್ರ. ಲೆಕ್ಕ ನಿಮ್ಮ ಸೋಮವಾರಕ್ಕೇ ಬಂದು ನಿಲ್ಲುತ್ತದೆ, ಅಲ್ವಾ? ಅದಕ್ಕೇ ನನಗೆ ಮೊದಲು ಅನುಮಾನ ಬಂದದ್ದು ಸೋರಿಕೆಯ ಮೇಲೆ.

ಅಂಗಡಿಯವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಅವರು ನೋಡುವುದು ಟಾಕಿ ಮಾತ್ರ. ಚಾರ್ಜ್ ಮಾಡಿ ಲೋಡ್ ಹಾಕಿದಾಗ ಬ್ಯಾಟರಿ ತಡೆದುಕೊಂಡರೆ ಅವರ ಪ್ರಕಾರ ಅದು ಸರಿಯೇ. ವಾರಂಟಿ ಕೂಡ ಬ್ಯಾಟರಿಯ ತಯಾರಿಕೆಯ ದೋಷಕ್ಕೆ, ಗಾಡಿಯ ಸೋರಿಕೆಗೆ ಅಲ್ಲ.

ಇನ್ನು ಅಳೆಯುವ ಕೆಲಸ. ಭಾನುವಾರ ಮುಂಜಾನೆ, ಗಾಡಿ ರಾತ್ರಿಯಿಡೀ ನಿಂತ ಮೇಲೆ, ಚಾವಿ ಹಾಕುವ ಮುಂಚೆ ಬಾನೆಟ್ ತೆರೆಯಿರಿ. ಬಾನೆಟ್ ತೆಗೆಯಲು ಬಾಗಿಲು ತೆರೆದಾಗ ಒಳಗಿನ ಲೈಟು ಹತ್ತಿಕೊಳ್ಳುತ್ತದೆ. ಬಾಗಿಲು ಹಾಕಿ ಹತ್ತು ನಿಮಿಷ ಬಿಡಿ, ಚಹಾ ಕುಡಿದು ಬನ್ನಿ. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ಕೆಂಪು ಕಡ್ಡಿ ಪ್ಲಸ್ ಮೇಲೆ, ಕಪ್ಪು ಕಡ್ಡಿ ಮೈನಸ್ ಮೇಲೆ ಹಿಡಿಯಿರಿ. 12.6 ಅಥವಾ ಮೇಲೆ ಬಂದರೆ ಬ್ಯಾಟರಿ ತುಂಬಿದೆ. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ. 12ಕ್ಕೆ ಇಳಿದರೆ ಕಾಲು ಭಾಗ ಮಾತ್ರ ಉಳಿದಿದೆ. ನೋಡಿ, ತುಂಬಿದ್ದಕ್ಕೂ ಅರ್ಧಕ್ಕೂ ಇರುವ ವ್ಯತ್ಯಾಸ ಅರ್ಧ ವೋಲ್ಟ್ ಕೂಡ ಇಲ್ಲ. 'ಹನ್ನೆರಡು ವೋಲ್ಟ್ ಬರ್ತದರೀ, ಬ್ಯಾಟರಿ ಚಲೋ ಐತಿ' ಅನ್ನುವವರು ಇಲ್ಲೇ ಎಡವುತ್ತಾರೆ. ಚುಕ್ಕಿಯ ನಂತರದ ಅಂಕಿಯನ್ನೂ ಓದಬೇಕು.

ಎಷ್ಟು ಚಾರ್ಜ್ ಮಾಡಿದರೂ 10.5ರ ಸುತ್ತಲೇ ನಿಂತರೆ ಕಥೆ ಬೇರೆ. ಬ್ಯಾಟರಿಯೊಳಗೆ ಆರು ಮನೆಗಳಿವೆ, ಒಂದೊಂದರಿಂದ ಎರಡು ವೋಲ್ಟಿಗಿಂತ ತುಸು ಜಾಸ್ತಿ. ಒಂದು ಮನೆ ಶಾರ್ಟ್ ಆದರೆ ಎರಡು ವೋಲ್ಟ್ ಪೂರ್ತಿ ಕಾಣೆಯಾಗುತ್ತದೆ. ಆಗ ನಿಜವಾಗಿಯೂ ಬ್ಯಾಟರಿ ಹೋಗಿದೆ. ವಾರಂಟಿ ಕಾರ್ಡ್ ಹಿಡಿದು ಧೈರ್ಯವಾಗಿ ಅಂಗಡಿಗೆ ಹೋಗಿ.

ಮುಂದೆ, ಕಡ್ಡಿಗಳನ್ನು ಹಾಗೇ ಹಿಡಿದು ಮನೆಯವರಿಗೆ ಸೆಲ್ಫ್ ಹೊಡೆಯಲು ಹೇಳಿ. ಅಂಕಿ ಧಡಕ್ಕನೆ ಇಳಿಯುತ್ತದೆ, ಇಳಿಯಲಿ. ತುಂಬಿದ ಬ್ಯಾಟರಿಯಲ್ಲಿ ಅದು 9.6ಕ್ಕಿಂತ ಕೆಳಗೆ ಹೋಗಬಾರದು. ನಮ್ಮ ಹವೆಯಲ್ಲಿ 10ರ ಮೇಲೆಯೇ ಇರುವುದು ಒಳ್ಳೆಯದು. ತುಂಬಿದ್ದರೂ 8, 7ಕ್ಕೆ ಬಿದ್ದರೆ ಟಾಕಿಯಲ್ಲಿ ಕೆಸರು ಕೂತಿದೆ ಅಂತ ಅರ್ಥ.

ಇಂಜಿನ್ ಶುರುವಾದ ಮೇಲೆ ಮತ್ತೆ ಓದಿ. 13.8ರಿಂದ 14.5ರ ನಡುವೆ ಬರಬೇಕು. ಹೆಡ್‌ಲೈಟ್, ಬ್ಲೋವರ್, ವೈಪರ್ ಎಲ್ಲ ಹಾಕಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ನೋಡಿ. 13.5ರ ಮೇಲೆ ನಿಂತರೆ ಡೈನಮೋ ಸರಿ ಇದೆ. ಮುಂಜಾನೆಯ ಅಂಕಿಗಿಂತ ಮೇಲೆ ಏರುವುದೇ ಇಲ್ಲ ಅಂದರೆ ತುಂಬುವ ದಾರಿ ಬಂದಾಗಿದೆ: ಬೆಲ್ಟ್ ಸಡಿಲ ಆಗಿರಬಹುದು, ಕಾರ್ಬನ್ ಸವೆದಿರಬಹುದು, ರೆಗ್ಯುಲೇಟರ್ ಹೋಗಿರಬಹುದು. 15 ದಾಟಿದರೆ ಅದೂ ಕೆಟ್ಟದ್ದೇ. ಬ್ಯಾಟರಿ ಒಳಗೆ ಕುದಿಯುತ್ತದೆ, ನೀರು ಆವಿಯಾಗಿ ಹೋಗುತ್ತದೆ, ಕೊಳೆತ ತತ್ತಿಯ ವಾಸನೆ ಬರುತ್ತದೆ. ಆ ವಾಸನೆ ಬಂದ ದಿನ ಗಾಡಿ ಓಡಿಸಬೇಡಿ. ಒಂದು ಮಾತು ಹೇಳಲೇಬೇಕು: ಈಚಿನ ಕೆಲವು ಕಾರುಗಳಲ್ಲಿ ಪೆಟ್ರೋಲ್ ಉಳಿಸಲು ಕಂಪ್ಯೂಟರೇ ಚಾರ್ಜಿಂಗ್ ಕಡಿಮೆ-ಜಾಸ್ತಿ ಮಾಡುತ್ತದೆ. ಅಂಥ ಗಾಡಿಯಲ್ಲಿ 12.8 ಕಂಡರೂ ಕೂಡಲೇ ಗಾಬರಿ ಬೇಡ. ಹೆಡ್‌ಲೈಟ್ ಹಾಕಿ ಎರಡು ನಿಮಿಷ ಬಿಟ್ಟು ಮತ್ತೆ ನೋಡಿ.

ಇಂಜಿನ್ ಬಂದ್ ಮಾಡಿ, ಮೀಟರ್ ಕೈಯಲ್ಲಿದ್ದಾಗಲೇ ಟರ್ಮಿನಲ್ ಕಡೆ ಕಣ್ಣು ಹಾಯಿಸಿ. ಬಿಳಿ ಅಥವಾ ಹಸಿರು-ನೀಲಿ ಪುಡಿ ಹತ್ತಿಕೊಂಡಿದೆಯಾ? ಕ್ಲಾಂಪನ್ನು ಕೈಯಿಂದ ತಿರುಗಿಸಿದರೆ ಅಲುಗುತ್ತದಾ? ಅಲುಗಿದರೆ ಅರ್ಧ ರೋಗ ಅಲ್ಲೇ ಇದೆ. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಈ ಕ್ರಮ ತಪ್ಪಬೇಡಿ. ಪ್ಲಸ್ ಮೊದಲು ಬಿಚ್ಚುವಾಗ ಪಾನಾ ಗಾಡಿಯ ಲೋಹದ ಮೈಗೆ ತಗುಲಿದರೆ ಬೆಂಕಿಯ ಕಿಡಿ ಹಾರುತ್ತದೆ. ಕೈಯಲ್ಲಿರುವ ಉಂಗುರ, ಬಳೆ ತೆಗೆದಿಡಿ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಆ ಪುಡಿಯ ಮೇಲೆ ನಿಧಾನಕ್ಕೆ ಸುರಿಯಿರಿ. ಜುರ್ ಅಂತ ನೊರೆ ಉಕ್ಕುತ್ತದೆ. ನೊರೆ ನಿಲ್ಲುವವರೆಗೆ ಸುರಿದು, ಹಳೇ ಹಲ್ಲಿನ ಬ್ರಷ್‌ನಿಂದ ತಿಕ್ಕಿ, ಸಾದಾ ನೀರಿನಿಂದ ತೊಳೆದು, ಬಟ್ಟೆಯಿಂದ ಒರೆಸಿ. ಸೋಡಾ ನೀರು ಬ್ಯಾಟರಿಯೊಳಗೆ ಇಳಿಯದ ಹಾಗೆ ಮುಚ್ಚಳ ಬಿಗಿ ಇರಲಿ. ಸೀಸದ ಗೂಟ ಬೂದು ಬಣ್ಣಕ್ಕೆ ಮಿನುಗಿದ ಮೇಲೆ ಪ್ಲಸ್ ಮೊದಲು, ಮೈನಸ್ ಕೊನೆಗೆ ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಗ್ರೀಸ್ ಹಚ್ಚಿ ಆಮೇಲೆ ಕ್ಲಾಂಪ್ ಹಾಕುವವರಿದ್ದಾರೆ, ಅದು ತಪ್ಪು. ಲೋಹಕ್ಕೆ ಲೋಹ ಕೂಡಬೇಕು, ಜಿಡ್ಡು ಹೊರಗೆ ಇರಬೇಕು.

ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಇನ್ನೊಂದು ಸಣ್ಣ ಕಾಟ ಇದೆ. ಬ್ಯಾಟರಿಯ ಮೇಲೆ ಕೂತ ಧೂಳು ಒದ್ದೆಯಾಗಿ, ಆಸಿಡ್ ಪಸೆಯ ಜೊತೆ ಸೇರಿ, ತಾನೇ ಒಂದು ವೈರ್ ಆಗಿಬಿಡುತ್ತದೆ. ಕೆಂಪು ಕಡ್ಡಿ ಪ್ಲಸ್ ಮೇಲಿಟ್ಟು ಕಪ್ಪು ಕಡ್ಡಿಯನ್ನು ಬ್ಯಾಟರಿಯ ಪ್ಲಾಸ್ಟಿಕ್ ಮೈಮೇಲೆ ಎಳೆದು ನೋಡಿ. ಬರೀ ಪ್ಲಾಸ್ಟಿಕ್ ಮೇಲೆ ಒಂದೆರಡು ವೋಲ್ಟ್ ತೋರಿಸಿತು ಅಂದರೆ ಬ್ಯಾಟರಿ ತೊಳೆಯುವುದು ಬಾಕಿ ಇದೆ. ಗದಗ, ನವಲಗುಂದ ಕಡೆಯ ಎರೆಮಣ್ಣಿನ ಧೂಳಿನ ಗಾಡಿಗಳಲ್ಲಿ ಇದನ್ನು ನಾನು ಬಹಳ ಸಲ ನೋಡಿದ್ದೇನೆ.

ಈಗ ನಿಮ್ಮ ಗಾಡಿಯ ಮುಖ್ಯ ಪರೀಕ್ಷೆ: ಮಲಗಿದ ಗಾಡಿ ಎಷ್ಟು ಎಳೆಯುತ್ತಿದೆ? ಇದನ್ನು ಸಾವಕಾಶವಾಗಿ ಮಾಡಿ. ಗಡಿಬಿಡಿ ಮಾಡಿದವರಿಗೆ ಮೀಟರಿನ ಫ್ಯೂಸ್ ಸುಟ್ಟದ್ದೇ ಲಾಭ.

ಮೊದಲು ಎಲ್ಲ ಬಂದ್ ಮಾಡಿ ಚಾವಿ ತೆಗೆಯಿರಿ. ಬಟನ್ ಸ್ಟಾರ್ಟ್ ಗಾಡಿಯಾದರೆ ಚಾವಿಯನ್ನು ಮನೆಯೊಳಗೆ ದೂರ ಇಡಿ. ಹತ್ತಿರ ಇದ್ದರೆ ಗಾಡಿ ಅದರ ಜೊತೆ ಮಾತಾಡುತ್ತಾ ಎಚ್ಚರವಾಗಿಯೇ ಇರುತ್ತದೆ. ಫ್ಯೂಸ್ ಪೆಟ್ಟಿಗೆ ಸಾಮಾನ್ಯವಾಗಿ ಡ್ರೈವರ್ ಮೊಣಕಾಲಿನ ಹತ್ತಿರ ಡ್ಯಾಶ್‌ಬೋರ್ಡ್ ಕೆಳಗಿರುತ್ತದೆ, ಇನ್ನೊಂದು ಬಾನೆಟ್ ಒಳಗೆ. ಒಳಗಿನದನ್ನು ಮುಟ್ಟಬೇಕಾದರೆ ಬಾಗಿಲು ತೆರೆದೇ ಇರಬೇಕು, ಆದರೆ ಗಾಡಿಗೆ ಬಾಗಿಲು ಹಾಕಿದೆ ಅನ್ನಿಸಬೇಕು. ಅದಕ್ಕೆ ಬಾಗಿಲಿನ ಅಂಚಿನಲ್ಲಿರುವ ಲಾಕಿನ ಕೊಂಡಿಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಕ್ಲಿಕ್ ಮಾಡಿ. ಒಳಗಿನ ಲೈಟು ಆರಬೇಕು. ಕೆಲಸ ಮುಗಿದ ಮೇಲೆ ಹಿಡಿಕೆ ಎಳೆದು ಆ ಕೊಂಡಿ ಬಿಡಿಸಿಯೇ ಬಾಗಿಲು ಹಾಕಿ. ಮರೆತು ಧಡ್ ಅಂತ ಹಾಕಿದರೆ ಲಾಕ್ ಮುರಿಯುತ್ತದೆ.

ಈಗ ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ಅಂತ ಬರೆದ ತೂತಿಗೆ ಬದಲಿಸಿ, ಮುಳ್ಳನ್ನೂ 10 ಆಂಪಿಯರ್ ಡಿಸಿಗೆ ತಿರುಗಿಸಿ. ಬ್ಯಾಟರಿಯ ಮೈನಸ್ ಕ್ಲಾಂಪ್ ಬಿಚ್ಚಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಗೂಟಕ್ಕೆ, ಇನ್ನೊಂದು ಬಿಚ್ಚಿದ ಕ್ಲಾಂಪಿಗೆ. ಅಂದರೆ ಹೋಗುವ ಕರೆಂಟೆಲ್ಲ ಮೀಟರಿನ ಮೂಲಕವೇ ಹಾದು ಹೋಗಬೇಕು. ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆಯಲೇಬಾರದು. ಇಗ್ನಿಷನ್ ಆನ್ ಮಾಡುವುದೂ ಬೇಡ. ಕೆಲಸ ಮುಗಿದ ಮೇಲೆ ಕೆಂಪು ವೈರನ್ನು ಮೊದಲಿನ ತೂತಿಗೆ ವಾಪಸ್ ಹಾಕುವುದನ್ನು ಮರೆಯಬೇಡಿ. 10 ಆಂಪಿಯರ್ ತೂತಿನಲ್ಲೇ ಬಿಟ್ಟು ವೋಲ್ಟ್ ನೋಡಲು ಹೋದರೆ ನೇರ ಶಾರ್ಟ್.

ಕಡ್ಡಿ ಮುಟ್ಟಿಸಿದ ಕೂಡಲೇ ಎರಡು, ಮೂರು, ಕೆಲವೊಮ್ಮೆ ಐದು ಆಂಪಿಯರ್ ತೋರಿಸಬಹುದು. ಹೆದರಬೇಡಿ. ಕರೆಂಟ್ ತಪ್ಪಿ ಮತ್ತೆ ಬಂದದ್ದರಿಂದ ಗಾಡಿಯ ಕಂಪ್ಯೂಟರ್ ಎದ್ದು ಕೂತಿದೆ. ಅರ್ಧ ಗಂಟೆ ಬಿಡಿ. ಅಂಕಿ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ. 0.03, 0.05ರಲ್ಲಿ, ಅಂದರೆ 30, 50 ಮಿಲಿ ಆಂಪಿಯರ್‌ನಲ್ಲಿ ನಿಂತರೆ ಸೋರಿಕೆ ಇಲ್ಲ. 0.2, 0.3, 0.5ರಲ್ಲೇ ನಿಂತರೆ ಕಳ್ಳ ಸಿಕ್ಕ.

ಇನ್ನು ಅವನ ಮನೆ ಹುಡುಕಬೇಕು. ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳಿ, ಪ್ರತಿ ಸಲ ಮೀಟರ್ ನೋಡಿ, ಅಂಕಿ ಬದಲಾಗದಿದ್ದರೆ ಅದೇ ಜಾಗಕ್ಕೆ ವಾಪಸ್ ಹಾಕಿ. ಕೀಳುವ ಮುಂಚೆ ಪೆಟ್ಟಿಗೆಯ ಫೋಟೋ ತೆಗೆದುಕೊಂಡಿರಿ. ಯಾವ ಫ್ಯೂಸ್ ಕಿತ್ತಾಗ ಅಂಕಿ 0.3ರಿಂದ 0.03ಕ್ಕೆ ಬೀಳುತ್ತದೋ ಆ ಲೈನಿನಲ್ಲೇ ಸೋರಿಕೆ. ಪೆಟ್ಟಿಗೆಯ ಮುಚ್ಚಳದ ಒಳಗೆ ಯಾವುದು ಯಾವುದರ ಫ್ಯೂಸ್ ಅಂತ ಬರೆದಿರುತ್ತದೆ.

ನಿಮ್ಮ ಗಾಡಿಯಲ್ಲಾದರೆ ಇದೆಲ್ಲಕ್ಕಿಂತ ಮುಂಚೆ ನಾನು ಎರಡು ಜಾಗ ನೋಡುತ್ತಿದ್ದೆ. ಒಂದು, ಬ್ಯಾಟರಿಯ ಪ್ಲಸ್ ಕ್ಲಾಂಪ್. ಅಲ್ಲಿ ಕಂಪನಿಯ ದಪ್ಪ ಕೇಬಲ್ ಬಿಟ್ಟು ಬೇರೆ ತೆಳ್ಳಗಿನ ವೈರ್ ಸುತ್ತಿದ್ದಾರಾ? ಮೇಲೆ ಕಪ್ಪು ಟೇಪು ಹಚ್ಚಿದ್ದಾರಾ? ಇದ್ದರೆ ಅದನ್ನು ಬಿಚ್ಚಿ ಮೀಟರ್ ನೋಡಿ. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ. ಎರಡು, ಮ್ಯೂಸಿಕ್ ಸಿಸ್ಟಮ್ ಹಿಂದಿನ ವೈರುಗಳು. ಹೊರಗಿನಿಂದ ತಂದು ಹಾಕುವ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಹಳದಿ ವೈರು ಸದಾ ಕರೆಂಟ್ ಇರುವ ಲೈನಿಗೆ, ನೆನಪು ಉಳಿಸಿಕೊಳ್ಳಲು. ಕೆಂಪು ವೈರು ಚಾವಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಲೈನಿಗೆ, ಅದನ್ನು ಎಸಿಸಿ ಲೈನ್ ಅನ್ನುತ್ತಾರೆ. ಕಪ್ಪು ಅರ್ಥಿಂಗ್. ಅವಸರದಲ್ಲಿರುವ ಹುಡುಗರು ಚಾವಿಯ ಲೈನ್ ಹುಡುಕುವ ಗೋಜಿಗೆ ಹೋಗದೆ ಕೆಂಪು-ಹಳದಿ ಎರಡನ್ನೂ ಒಟ್ಟಿಗೆ ಹೆಣೆದು ಸದಾ ಕರೆಂಟಿಗೆ ಕೊಟ್ಟುಬಿಡುತ್ತಾರೆ. ಸ್ಕ್ರೀನ್ ಆರಿದ್ದರೂ ಸೆಟ್ ಒಳಗೆ ಎದ್ದೇ ಇರುತ್ತದೆ. ನಿಮಗೆ ಚಾವಿ ತೆಗೆದ ಮೇಲೂ ಬಟನ್ ಒತ್ತಿ ಹಾಡು ಹಚ್ಚಲು ಆಗುತ್ತದಾ? ಆಗುತ್ತದೆ ಅಂದರೆ ಈ ಅನುಮಾನ ಬಹಳ ಗಟ್ಟಿ. ಕೆಲವು ಗಾಡಿಗಳಲ್ಲಿ ಚಾವಿ ತೆಗೆದ ಮೇಲೆ ಸ್ವಲ್ಪ ಹೊತ್ತು ಸೆಟ್ ನಡೆಯುವುದು ಕಂಪನಿಯ ವ್ಯವಸ್ಥೆಯೇ, ಹಾಗಾಗಿ ಲಾಕ್ ಮಾಡಿ ಒಂದು ತಾಸು ಬಿಟ್ಟು ನೋಡಿ.

ಇದಕ್ಕೆ ಪರಿಹಾರ ಅರ್ಧ ತಾಸಿನ ಕೆಲಸ. ಕೆಂಪು ವೈರನ್ನು ಬಿಡಿಸಿ ಚಾವಿಯ ಲೈನಿಗೆ ಕೊಡುವುದು, ನಡುವೆ ಸರಿಯಾದ ಫ್ಯೂಸ್ ಹಾಕುವುದು, ಜೋಡಣೆಯನ್ನು ಬೆಸುಗೆ ಮಾಡಿ ಮೇಲೆ ಸ್ಲೀವ್ ಏರಿಸುವುದು. ಬರೀ ತಿರುಚಿ ಟೇಪು ಸುತ್ತಿದರೆ ನಮ್ಮ ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತದೆ. ರಿವರ್ಸ್ ಕ್ಯಾಮೆರಾಕ್ಕೆ ಕರೆಂಟ್ ರಿವರ್ಸ್ ಲೈಟಿನಿಂದ ಬರಬೇಕು. ಅದನ್ನೂ ಕೇಳಿ. ಸೆಟ್ ಹಾಕಿದವರ ಹತ್ತಿರವೇ ಹೋಗಿ, ಜಗಳ ಬೇಡ. ಮೀಟರಿನ ಅಂಕಿಯ ಫೋಟೋ ತೋರಿಸಿ 'ಚಾವಿ ತೆಗೆದ ಮೇಲೆ ಇಷ್ಟು ಎಳೀತದರೀ, ಕೆಂಪು ವೈರ್ ಎಸಿಸಿ ಲೈನಿಗೆ ಕೊಡ್ರಿ' ಅನ್ನಿ. ಅಂಕಿ ನೋಡಿದ ಮೇಲೆ ಯಾರೂ ವಾದ ಮಾಡುವುದಿಲ್ಲ.

ಎಲ್ಲ ಫ್ಯೂಸ್ ಕಿತ್ತರೂ ಅಂಕಿ ಇಳಿಯಲಿಲ್ಲ ಅನ್ನಿ. ಆಗ ಡೈನಮೋ ನೋಡಬೇಕು. ಅದರೊಳಗಿನ ಡಯೋಡ್ ಅಂದರೆ ಒಂದೇ ಕಡೆ ತೆರೆಯುವ ಬಾಗಿಲು. ಅದು ಕೆಟ್ಟರೆ ಹಗಲು ತುಂಬಿಸಿದ್ದನ್ನು ರಾತ್ರಿ ಡೈನಮೋವೇ ಕುಡಿಯುತ್ತದೆ. ಗಾಡಿ ನಿಂತು ಎರಡು ಮೂರು ತಾಸಾದರೂ ಡೈನಮೋ ಬೆಚ್ಚಗಿದ್ದರೆ ಇದೇ ಅಂತ ತಿಳಿಯಿರಿ. ಆದರೆ ಅದನ್ನು ಬಿಚ್ಚುವುದು ನಿಮ್ಮ ಕೆಲಸವಲ್ಲ, ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಒಯ್ಯಿರಿ.

ಒಂದು ಹಳೆಯ ಪ್ರಸಂಗ ನೆನಪಾಗುತ್ತಿದೆ. ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಎರಡು ಬ್ಯಾಟರಿ ಬದಲಿಸಿ ಮೂರನೆಯದು ಕೊಳ್ಳಲು ಹುಬ್ಬಳ್ಳಿಗೆ ಬಂದಿದ್ದರು. ಮೀಟರ್ ಹಚ್ಚಿದೆ, 0.4. ಫ್ಯೂಸ್ ಕೀಳುತ್ತಾ ಹೋದೆ. ಒಳಗಿನ ಲೈಟಿನ ಫ್ಯೂಸ್ ತೆಗೆದಾಗ ಅಂಕಿ ಬಿತ್ತು. ಆದರೆ ಮೇಲಿನ ಲೈಟು ಆರಿಯೇ ಇತ್ತು. ಡಿಕ್ಕಿ ತೆರೆದು ನೋಡಿದರೆ ಅಲ್ಲೊಂದು ಸಣ್ಣ ಬಲ್ಬು. ಡಿಕ್ಕಿ ತೆರೆದಾಗ ಅದು ಹತ್ತುವುದು ಸರಿಯೇ. ಮುಚ್ಚಿದಾಗ ಆರುತ್ತದಾ? ನನ್ನ ಮೊಬೈಲಿನಲ್ಲಿ ವಿಡಿಯೋ ಹಚ್ಚಿ ಒಳಗಿಟ್ಟು ಡಿಕ್ಕಿ ಹಾಕಿದೆ. ತೆಗೆದು ನೋಡಿದಾಗ ವಿಡಿಯೋದುದ್ದಕ್ಕೂ ಒಳಗಿನ ಚೀಲದ ಹೊಲಿಗೆ, ಅಂಟಿಕೊಂಡ ಕೆಂಪು ಪುಡಿ, ಎಲ್ಲ ನಿಚ್ಚಳ ಕಾಣುತ್ತಿತ್ತು. ಮುಚ್ಚಿದ ಡಿಕ್ಕಿಯಲ್ಲಿ ಬಲ್ಬು ಹಗಲೂ ರಾತ್ರಿ ಉರಿಯುತ್ತಿತ್ತು. ಸ್ವಿಚ್ಚಿನ ಮೇಲೆ ಮೆಣಸಿನಕಾಯಿಯ ತೊಟ್ಟು, ಧೂಳು ಕೂತು ಜಾಮ್ ಆಗಿತ್ತು. ಐದು ವ್ಯಾಟಿನ ಬಲ್ಬು, ಎರಡು ಬ್ಯಾಟರಿ ತಿಂದಿತ್ತು. ನೀವೂ ಡಿಕ್ಕಿ ಮತ್ತು ಗ್ಲೋವ್ ಬಾಕ್ಸಿನಲ್ಲಿ ಹೀಗೆ ಮೊಬೈಲ್ ಇಟ್ಟು ನೋಡಬಹುದು. ಒಂದು ಪೈಸೆ ಖರ್ಚಿಲ್ಲ.

ಸೋರಿಕೆ ನಿಲ್ಲಿಸಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ನಿಮ್ಮ ಬ್ಯಾಟರಿ ಎರಡು ತಿಂಗಳಲ್ಲಿ ಎಂಟು ಹತ್ತು ಸಲ ಪೂರ್ತಿ ಖಾಲಿ ಆಗಿದೆ. ಕಾರಿನ ಬ್ಯಾಟರಿ ಮನೆಯ ಇನ್ವರ್ಟರ್ ಬ್ಯಾಟರಿಯಂತೆ ಅಲ್ಲ. ಇದರ ಸೀಸದ ತಗಡುಗಳು ತೆಳು. ಒಮ್ಮೆಗೇ ಜೋರಾಗಿ ಕೊಡಲು ಮಾಡಿದ್ದು, ತಳ ಮುಟ್ಟುವ ತನಕ ಖಾಲಿ ಮಾಡಲು ಅಲ್ಲ. ಖಾಲಿ ಬಿಟ್ಟಾಗ ತಗಡಿನ ಮೇಲೆ ಬಿಳಿ ಹರಳು ಕೂತು ಗಟ್ಟಿಯಾಗುತ್ತದೆ, ಸಲ್ಫೇಷನ್ ಅನ್ನುತ್ತಾರೆ. ನಾನು ಹೇಳಿದ ಟಾಕಿಯ ಕೆಸರು ಅದೇ. ಅದಕ್ಕೇ ಖಾಲಿಯಾದ ಬ್ಯಾಟರಿಯನ್ನು ಒಂದು ದಿನವೂ ಹಾಗೇ ಬಿಡಬೇಡಿ.

ಬೇರೆ ಗಾಡಿಯ ಬ್ಯಾಟರಿಯಿಂದ ಜಂಪ್ ಕೊಟ್ಟು ಹುಬ್ಬಳ್ಳಿಗೆ ಒಂದು ಸುತ್ತು ಹೋಗಿ ಬಂದರೆ ತುಂಬುತ್ತದೆ ಅನ್ನುವವರ ಮಾತು ಅರ್ಧ ಸತ್ಯ. ಇಪ್ಪತ್ತು ಕಿಲೋಮೀಟರಿನ ದಾರಿಯಲ್ಲಿ ಸ್ವಲ್ಪ ತುಂಬುತ್ತದೆ, ಪೂರ್ತಿ ಅಲ್ಲ. ಕೊನೆಯ ಕಾಲು ಭಾಗವನ್ನು ಬ್ಯಾಟರಿ ಬಹಳ ನಿಧಾನಕ್ಕೆ ತೆಗೆದುಕೊಳ್ಳುತ್ತದೆ. ಅಂಗಡಿಯಲ್ಲಿ ಕೊಟ್ಟು 'ಸ್ಲೋ ಚಾರ್ಜ್ ಮಾಡ್ರಿ, ಮೂರೂವರೆ ಆಂಪಿಯರ್‌ನಾಗ, ರಾತ್ರಿಯಿಡೀ' ಅಂತ ಹೇಳಿ. ಎಎಚ್‌ನ ಹತ್ತನೇ ಒಂದು ಭಾಗ, ಇದೇ ಲೆಕ್ಕ. ಎರಡು ತಾಸಿನಲ್ಲಿ ಬಿಸಿ ಮಾಡಿ ಕೊಡುವ ಚಾರ್ಜ್ ಬೇಡ. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ನೀರಿನ ಮಟ್ಟ ನೋಡಿಸಿ. ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ, ಬೋರಿನ ನೀರಂತೂ ಬೇಡವೇ ಬೇಡ. ಚಾರ್ಜ್ ಆಗಿ ಒಂದು ರಾತ್ರಿ ಸುಮ್ನೆ ಇಟ್ಟ ಮೇಲೆ 12.6 ಉಳಿದು, ಸೆಲ್ಫ್ ಹೊಡೆದಾಗ 10ರ ಆಸುಪಾಸು ನಿಂತರೆ ನಿಮ್ಮ ಬ್ಯಾಟರಿ ಬದುಕಿದೆ. ಸೋರಿಕೆ ನಿಂತ ಮೇಲೂ 12.3ಕ್ಕೆ ಜಾರಿದರೆ ಅದಕ್ಕೆ ಪೆಟ್ಟು ಬಿದ್ದಿದೆ. ಆಗ ಹೊಸದು ಕೊಳ್ಳಿ, ಅದಕ್ಕಿಂತ ಮುಂಚೆ ಅಲ್ಲ. ಕೊಳ್ಳುವಾಗ ತಯಾರಾದ ತಿಂಗಳು ನೋಡಿ. ಅಂಗಡಿಯಲ್ಲಿ ಕೂತಲ್ಲೇ ಬ್ಯಾಟರಿ ನಿಧಾನಕ್ಕೆ ಇಳಿಯುತ್ತಿರುತ್ತದೆ, ಮೂರು ತಿಂಗಳೊಳಗಿನದು ಇರಲಿ. ಹಳೆಯದನ್ನು ಅಲ್ಲೇ ಕೊಡಿ, ಸೀಸಕ್ಕೆ ಬೆಲೆ ಇದೆ, ಬಿಲ್ಲಿನಲ್ಲಿ ಕಳೆಯುತ್ತಾರೆ.

ಅಲ್ಲಿಯವರೆಗೆ ಸೋಮವಾರ ಬಂದೇ ಬರುತ್ತದೆ. ಮನೆಯಲ್ಲಿ ಜಂಪರ್ ಕೇಬಲ್ ಇರಲಿ. ಪಕ್ಕದ ಮನೆಯವರ ಗಾಡಿ ಹತ್ತಿರ ತರಿಸಿ, ಎರಡೂ ಗಾಡಿ ಒಂದಕ್ಕೊಂದು ತಾಗಬಾರದು. ಕೆಂಪು ಕ್ಲಿಪ್ ಮೊದಲು ನಿಮ್ಮ ಪ್ಲಸ್‌ಗೆ, ಅದರ ಇನ್ನೊಂದು ತುದಿ ಅವರ ಪ್ಲಸ್‌ಗೆ. ಕಪ್ಪು ಕ್ಲಿಪ್ ಅವರ ಮೈನಸ್‌ಗೆ. ಕೊನೆಯ ಕಪ್ಪು ಕ್ಲಿಪ್ ನಿಮ್ಮ ಬ್ಯಾಟರಿಗೆ ಬೇಡ, ಅದರಿಂದ ದೂರ ಇಂಜಿನ್ನಿನ ಬಣ್ಣವಿಲ್ಲದ ದಪ್ಪ ಲೋಹಕ್ಕೆ ಕಚ್ಚಿಸಿ. ಕೊನೆಯ ಕ್ಲಿಪ್ಪಿನಲ್ಲಿ ಕಿಡಿ ಬರುತ್ತದೆ, ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತಿರುತ್ತದೆ. ಎರಡೂ ಕೂಡಬಾರದು. ಅವರ ಗಾಡಿ ಐದು ನಿಮಿಷ ಓಡಲಿ, ಆಮೇಲೆ ನೀವು ಸೆಲ್ಫ್ ಹೊಡೆಯಿರಿ. ಬಿಚ್ಚುವುದು ಉಲ್ಟಾ ಕ್ರಮದಲ್ಲಿ.

ಟರ್ಮಿನಲ್ ಬಿಚ್ಚಿಡುವ ಮಾತು ಕೇಳಿದ್ದಿರಿ. ಸೋರಿಕೆ ಸಿಗುವವರೆಗೆ ಒಂದೆರಡು ವಾರ ಶನಿವಾರ ಮಧ್ಯಾಹ್ನ ಮೈನಸ್ ಒಂದನ್ನೇ ಬಿಚ್ಚಿಡಿ, ತಪ್ಪೇನಿಲ್ಲ. ದಿನಾ ಬೇಡ. ಪ್ರತಿ ಸಲ ಬಿಚ್ಚಿದಾಗ ಗಡಿಯಾರ, ಕಿಟಕಿಯ ಸೆಟ್ಟಿಂಗ್ ಹೋಗುತ್ತದೆ, ಕ್ಲಾಂಪ್ ಸಡಿಲವಾಗಿ ಹೊಸ ರೋಗ ಶುರುವಾಗುತ್ತದೆ.

ಇನ್ನು ನಿಮ್ಮ ಮೂರು ಕಿಲೋಮೀಟರ್. ಸೋರಿಕೆ ಇಲ್ಲದಿದ್ದರೂ ಅಷ್ಟು ಸಣ್ಣ ಓಟ ಬ್ಯಾಟರಿಗೆ ಸಾಲದು. ವಾರಕ್ಕೊಮ್ಮೆ ಮುಕ್ಕಾಲು ತಾಸು ಗಾಡಿ ಓಡಲಿ. ನುಗ್ಗಿಕೇರಿ ಹಣಮಪ್ಪನ ಗುಡಿಗೆ ಹೋಗುವವರಾದರೆ ಬರುವಾಗ ದೊಡ್ಡ ರಸ್ತೆಯಲ್ಲಿ ನವನಗರದವರೆಗೆ ಹೋಗಿ ತಿರುಗಿ ಬನ್ನಿ. ಮನೆ ಮುಂದೆ ನಿಲ್ಲಿಸಿ ಹತ್ತು ನಿಮಿಷ ಇಂಜಿನ್ ಹಚ್ಚಿಡುವುದರಿಂದ ಹೆಚ್ಚೇನೂ ಸಿಗುವುದಿಲ್ಲ.

ಭಾನುವಾರ ಅಳೆದ ಮೇಲೆ ನಾಲ್ಕು ಅಂಕಿ ನನಗೆ ಬರೆದು ಕಳಿಸಿ: ಮುಂಜಾನೆಯ ವೋಲ್ಟ್, ಸೆಲ್ಫ್ ಹೊಡೆದಾಗಿನದು, ಇಂಜಿನ್ ಓಡುವಾಗಿನದು, ಅರ್ಧ ಗಂಟೆ ಬಿಟ್ಟ ಮೇಲಿನ ಆಂಪಿಯರ್. ಜೊತೆಗೆ ಪ್ಲಸ್ ಕ್ಲಾಂಪಿನ ಒಂದು ಫೋಟೋ, ವೈರುಗಳ ಬಣ್ಣ ಕಾಣುವ ಹಾಗೆ.